ಸನ್‌ಸ್ಕ್ರೀನ್ ಬಿಳಿಯರಿಗೆ ಮಾತ್ರವೇ? ನಾವಿಕರ ಮುಖ ಓದಿದ ಡಾಕ್ಟರ್ ಉನ್ನಾ ಕಥೆ

ಬೇಸಿಗೆ ಶುರುವಾದರೆ ಸಾಕು, ಮೊಬೈಲಿಗೆ ಬಿಸಿಲಿನ ಫಾರ್ವರ್ಡ್‌ಗಳು ಬರತೊಡಗುತ್ತವೆ. ನಮ್ಮ ಕಪ್ಪು ಚರ್ಮಕ್ಕೆ ಸನ್‌ಸ್ಕ್ರೀನ್ ಬೇಕಿಲ್ಲ, ಅದು ಬಿಳಿಯರಿಗೆ ಮಾಡಿದ ಸಾಮಾನು ಎಂದು ಒಂದು ಸಂದೇಶ. ಕೊಬ್ಬರಿ ಎಣ್ಣೆ ಹಚ್ಚಿದರೆ ಸಾಕು ಎಂದು ಇನ್ನೊಂದು. ಡಬ್ಬಿಯ ಮೇಲೆ 50 ಎಂದಿದ್ದರೆ 25ಕ್ಕಿಂತ ಎರಡು ಪಟ್ಟು ರಕ್ಷಣೆ ಎಂದು ಮತ್ತೊಂದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಓದುಗರೇ, ಇವುಗಳಲ್ಲಿ ಒಂದಾದರೂ ನಿಮ್ಮ ಗುಂಪಿಗೂ ಬಂದಿರಬಹುದು. ನೀವು ಮುಂದಕ್ಕೆ ಕಳಿಸಿರಲೂಬಹುದು.

ಇವುಗಳಲ್ಲಿ ಕೆಲವು ಪೂರ್ತಿ ತಪ್ಪು, ಕೆಲವು ಅರ್ಧ ಸತ್ಯ. ಯಾವುದು ಎಷ್ಟು ನಿಜ ಎಂದು ತಿಳಿಯಲು ನಾವು ಇವತ್ತು ಒಬ್ಬ ಹಳೆಯ ಡಾಕ್ಟರ ಬದುಕನ್ನು ಹೇಳುತ್ತೇವೆ. ಅವರ ಹೆಸರು ಪೌಲ್ ಗೆರ್ಸೋನ್ ಉನ್ನಾ. ತೀರಿಕೊಂಡು ಸುಮಾರು ನೂರು ವರ್ಷವಾಯಿತು. ಚರ್ಮರೋಗ ಓದಿದ ಯಾವ ಡಾಕ್ಟರನ್ನು ಕೇಳಿದರೂ ಈ ಹೆಸರು ಗೊತ್ತಿರುತ್ತದೆ. ಬಿಸಿಲಿಗೂ ಚರ್ಮದ ಕ್ಯಾನ್ಸರಿಗೂ ನಂಟಿದೆ ಎಂದು ಗುರುತಿಸಿದ ಮೊದಲಿಗರಲ್ಲಿ ಅವರೊಬ್ಬರು. ದಿನವೂ ಹಚ್ಚಿಕೊಳ್ಳಲು ಮನಸ್ಸಾಗುವಂಥ ಕ್ರೀಮು ಹುಟ್ಟಿದ ಕಥೆಯಲ್ಲೂ ಅವರಿದ್ದಾರೆ.

ಡಾಕ್ಟರ ಮಗ, ಯುದ್ಧದ ಗಾಯಾಳು

ಉನ್ನಾ ಹುಟ್ಟಿದ್ದು 1850ರ ಸೆಪ್ಟೆಂಬರ್ 8ರಂದು, ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ. ಅದು ದೊಡ್ಡ ಬಂದರು. ಯಹೂದಿ ಮನೆತನ. ತಂದೆ ಡಾಕ್ಟರು, ತಾಯಿಯ ತವರಿನಲ್ಲೂ ತಲೆತಲಾಂತರದಿಂದ ವೈದ್ಯರು. ಮಗನೂ ಅದೇ ದಾರಿ ಹಿಡಿದು ವೈದ್ಯಕೀಯ ಓದಲು ಹೊರಟರು. ಅಷ್ಟರಲ್ಲಿ 1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯದ ನಡುವೆ ಯುದ್ಧ ಶುರುವಾಯಿತು. ಉನ್ನಾ ಓದು ಬಿಟ್ಟು ಯುದ್ಧಕ್ಕೆ ಹೋದರು, ತೀವ್ರವಾಗಿ ಗಾಯಗೊಂಡು ಮರಳಿದರು.

ಗಾಯ ಮಾಗಿದ ಮೇಲೆ ಮತ್ತೆ ಪುಸ್ತಕ ಹಿಡಿದರು. 1875ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಪ್ರಬಂಧ ಒಪ್ಪಿಸಿದರು. ವಿಷಯ ಚರ್ಮದ ಮೇಲ್ಪದರ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಚರ್ಮವೆಂಬುದು ಬರೀ ಒಂದು ಹೊದಿಕೆಯಲ್ಲ, ಪದರದ ಮೇಲೆ ಪದರವಿರುವ ಜೀವಂತ ಅಂಗ ಎಂಬುದು ಅವರ ಕಣ್ಣಿಗೆ ಬಿದ್ದಿತ್ತು. ಆಮೇಲೆ ವಿಯೆನ್ನಾಗೆ ಹೋಗಿ, ಆ ಕಾಲದ ದೊಡ್ಡ ಚರ್ಮವೈದ್ಯರಾದ ಹೆಬ್ರಾ ಮತ್ತು ಕಪೋಸಿ ಅವರ ಬಳಿ ಕಲಿತರು.

ಹ್ಯಾಂಬರ್ಗಿಗೆ ವಾಪಸು ಬಂದಾಗ ಅಲ್ಲಿ ವಿಶ್ವವಿದ್ಯಾಲಯವೇ ಇರಲಿಲ್ಲ. ಉನ್ನಾ ಕಾಯಲಿಲ್ಲ. 1881ರಲ್ಲಿ ಚರ್ಮರೋಗಕ್ಕೆಂದೇ ಸ್ವಂತ ಆಸ್ಪತ್ರೆ ತೆರೆದರು. ಅಲ್ಲೇ ಪ್ರಯೋಗಶಾಲೆ, ಅಲ್ಲೇ ಪಾಠ. ದೇಶವಿದೇಶಗಳಿಂದ ಡಾಕ್ಟರುಗಳು ಕಲಿಯಲು ಅಲ್ಲಿಗೆ ಬರತೊಡಗಿದರು.

ನಾವಿಕರ ಮುಖದಲ್ಲಿ ಕಂಡದ್ದು

ಬಂದರು ಊರಿನ ಚರ್ಮವೈದ್ಯರ ಬಳಿ ಯಾರು ಬರುತ್ತಾರೆ? ಹಡಗಿನ ನಾವಿಕರು. ವರ್ಷಗಟ್ಟಲೆ ತೆರೆದ ಡೆಕ್ಕಿನ ಮೇಲೆ ದುಡಿದವರು. ಮೇಲಿಂದ ಬಿಸಿಲು, ಕೆಳಗಿನಿಂದ ನೀರಿನಲ್ಲಿ ಪ್ರತಿಫಲಿಸಿದ ಬೆಳಕು, ಜೊತೆಗೆ ಗಾಳಿ. ಅವರ ಮುಖ, ಕತ್ತು, ಕೈಯ ಹಿಂಭಾಗದ ಚರ್ಮ ದಪ್ಪಗಾಗಿ, ಒರಟಾಗಿ, ಅಲ್ಲಲ್ಲಿ ಕಂದು ಕಲೆ, ಅಲ್ಲಲ್ಲಿ ಹೊಪ್ಪಳೆ ಎದ್ದಿರುತ್ತಿತ್ತು. ಅಂಗಿಯೊಳಗಿನ ಚರ್ಮ ಮಾತ್ರ ನುಣುಪಾಗಿಯೇ ಇರುತ್ತಿತ್ತು.

ಇದನ್ನು ವಯಸ್ಸಿನ ಲಕ್ಷಣವೆಂದು ಬಿಟ್ಟುಬಿಡುವುದು ಸುಲಭವಿತ್ತು. ಉನ್ನಾ ಬಿಡಲಿಲ್ಲ. ಒಂದೇ ಮನುಷ್ಯನ ದೇಹ, ಒಂದೇ ವಯಸ್ಸು. ಬಟ್ಟೆ ಮುಚ್ಚಿದ ಕಡೆ ಇಲ್ಲದ ತೊಂದರೆ ತೆರೆದ ಕಡೆ ಯಾಕೆ? ಆ ಒರಟು ಚರ್ಮದ ಮೇಲೆಯೇ ಕ್ಯಾನ್ಸರ್ ಹುಣ್ಣುಗಳು ಏಳುವುದನ್ನೂ ಅವರು ಕಂಡರು. 1894ರಲ್ಲಿ ಪ್ರಕಟವಾದ ಚರ್ಮರೋಗಗಳ ಕುರಿತ ಅವರ ದೊಡ್ಡ ಗ್ರಂಥದಲ್ಲಿ ಇದಕ್ಕೆ ನಾವಿಕರ ಚರ್ಮ ಎಂದೇ ಹೆಸರಿಟ್ಟು, ಅದರಿಂದ ಹುಟ್ಟುವ ಕ್ಯಾನ್ಸರನ್ನು ವಿವರಿಸಿದರು. ಎರಡು ವರ್ಷದಲ್ಲೇ ಆ ಗ್ರಂಥ ಇಂಗ್ಲಿಷಿಗೂ ಬಂತು. ಅದೇ ಕಾಲಕ್ಕೆ ಫ್ರಾನ್ಸಿನ ಬೋರ್ಡೋದಲ್ಲಿ ದ್ಯುಬ್ರೈ ಎಂಬ ಡಾಕ್ಟರು ದ್ರಾಕ್ಷಿ ತೋಟದ ಕೂಲಿಗಳಲ್ಲಿ ಇಂಥದ್ದನ್ನೇ ಕಂಡರು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಹಡಗಿನ ನಾವಿಕ ನಮಗೆ ದೂರದವನು. ದ್ರಾಕ್ಷಿ ತೋಟ ಅಥಣಿ ಕಡೆಯವರಿಗೆ ದೂರದ್ದಲ್ಲ. ಕೃಷ್ಣೆಯ ದಂಡೆಯ ಕಬ್ಬಿನ ಗದ್ದೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಬ್ಬು ಕಡಿಯುವ ಗ್ಯಾಂಗು, ನಿಪ್ಪಾಣಿ ಸುತ್ತಿನ ತಂಬಾಕಿನ ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳು, ಬೈಕಿನಲ್ಲಿ ಊರೂರು ಸುತ್ತುವ ಹುಡುಗರು, ಇವರೆಲ್ಲರ ದಿನವೂ ತೆರೆದ ಬಿಸಿಲಿನಲ್ಲೇ ಕಳೆಯುತ್ತದೆ. ಇನ್ನೂ ಒಂದು ವ್ಯತ್ಯಾಸವಿದೆ. ಹ್ಯಾಂಬರ್ಗಿನಲ್ಲಿ ವರ್ಷದ ಅತಿ ಎತ್ತರದ ಸೂರ್ಯನೂ ಬಾನಿನಲ್ಲಿ ಸುಮಾರು 60 ಡಿಗ್ರಿಯಷ್ಟೇ ಏರುತ್ತಾನೆ. ನಮ್ಮ ಈ ಐದೂ ತಾಲ್ಲೂಕುಗಳು 16 ಮತ್ತು 17 ಡಿಗ್ರಿ ಉತ್ತರ ಅಕ್ಷಾಂಶದ ನಡುವೆ ಇವೆ. ಮೇ ಮೊದಲ ವಾರದಲ್ಲೊಮ್ಮೆ, ಆಗಸ್ಟ್ ಮೊದಲ ವಾರದಲ್ಲೊಮ್ಮೆ ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ. ಮಧ್ಯಾಹ್ನ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳದ ದಿನಗಳು ಅವು.

ಹಾಗಾದರೆ ಕಪ್ಪು ಚರ್ಮದ ಮಾತೇನು?

ಆ ಫಾರ್ವರ್ಡಿನಲ್ಲಿರುವ ಅರ್ಧ ಸತ್ಯ ಇಲ್ಲಿದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ನಿಜವಾಗಿಯೂ ಕೊಡೆಯಂತೆ ಕೆಲಸ ಮಾಡುತ್ತದೆ. ಸೂರ್ಯನ ಅತಿನೇರಳೆ ಕಿರಣಗಳನ್ನು ಹೀರಿ, ಒಳಗಿನ ಜೀವಕೋಶಗಳನ್ನು ಕಾಪಾಡುತ್ತದೆ. ಹೀಗಾಗಿ ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ಭಾರತೀಯರಲ್ಲಿ ಬಿಳಿಯರಿಗಿಂತ ಬಹಳ ಕಡಿಮೆ. ಇದನ್ನು ಮುಚ್ಚಿಟ್ಟು ಯಾರನ್ನೂ ಹೆದರಿಸಬೇಕಿಲ್ಲ.

ಆದರೆ ಈ ಕೊಡೆಯಲ್ಲಿ ತೂತುಗಳಿವೆ. ನಮ್ಮಲ್ಲಿ ಬಿಸಿಲಿನ ದೊಡ್ಡ ಕಾಟ ಕ್ಯಾನ್ಸರಲ್ಲ, ಬಂಗು. ಕೆನ್ನೆ, ಹಣೆ, ಮೂಗಿನ ಮೇಲೆ ಮೂಡುವ ಕಂದು ಕಲೆ, ಅದರಲ್ಲೂ ಬಸಿರಿನ ಸಮಯದಲ್ಲಿ ಮತ್ತು ಆನಂತರ ಹೆಣ್ಣುಮಕ್ಕಳಿಗೆ ಬರುವಂಥದ್ದು, ಬಿಸಿಲಿಗೆ ಇನ್ನೂ ಗಾಢವಾಗುತ್ತದೆ. ಬಂಗಿಗೆ ಎಷ್ಟೇ ಮುಲಾಮು ಹಚ್ಚಿದರೂ ಬಿಸಿಲು ತಡೆಯದಿದ್ದರೆ ಅದು ಮರಳಿ ಬರುತ್ತದೆ. ಮೊಡವೆ, ಗಾಯ ಮಾಗಿದ ಕಪ್ಪು ಗುರುತುಗಳೂ ಬಿಸಿಲಿಗೆ ಗಾಢವಾಗಿಯೇ ಉಳಿಯುತ್ತವೆ.

ಎರಡನೆಯದು, ತೊನ್ನು ಇರುವವರು. ಆ ಬಿಳಿ ಮಚ್ಚೆಗಳಲ್ಲಿ ಮೆಲನಿನ್ ಇಲ್ಲ, ಅಂದರೆ ಕೊಡೆಯೇ ಇಲ್ಲ. ಅಲ್ಲಿ ಚರ್ಮ ಬೇಗ ಸುಡುತ್ತದೆ. ಹುಟ್ಟಿನಿಂದಲೇ ಮೈಯೆಲ್ಲ ಬಣ್ಣವಿಲ್ಲದವರಿಗಂತೂ ಬಿಸಿಲಿನ ಅಪಾಯ ಉನ್ನಾ ಕಂಡ ನಾವಿಕರಷ್ಟೇ ನಿಜ, ಅವರಿಗಿಂತ ಹೆಚ್ಚೂ ಹೌದು. ನಮಗೆ ಬೇಡ ಎಂಬ ಸಂದೇಶ ಇಂಥವರ ಮನೆಗೂ ಹೋಗುತ್ತದೆ ಎಂಬುದನ್ನು ಫಾರ್ವರ್ಡ್ ಮಾಡುವವರು ನೆನಪಿಡಬೇಕು.

ಔಷಧಿ ಒಳ್ಳೆಯದು, ಹಚ್ಚುವವರಿಲ್ಲ

ಉನ್ನಾ ಕಾಲಕ್ಕೆ ಮರಳೋಣ. ಚರ್ಮಕ್ಕೆ ಕೊಡುವ ಔಷಧಿ ಕೆಲಸ ಮಾಡಬೇಕಾದರೆ ಅದು ಚರ್ಮದ ಮೇಲೆ ನಿಲ್ಲಬೇಕು. ಆ ಕಾಲದ ಅನೇಕ ಮುಲಾಮುಗಳು ಪ್ರಾಣಿಗಳ ಕೊಬ್ಬು ಇಲ್ಲವೇ ಎಣ್ಣೆಯವು. ಜಿಡ್ಡು, ಬಟ್ಟೆಗೆ ಕಲೆ, ಸ್ವಲ್ಪ ದಿನಕ್ಕೆ ಕಮಟು ವಾಸನೆ. ರೋಗಿ ಮನೆಗೆ ಹೋಗಿ ಒಂದೆರಡು ದಿನ ಹಚ್ಚಿ ಮೂಲೆಗಿಡುತ್ತಿದ್ದ.

ಉನ್ನಾ ಇದನ್ನು ರೋಗಿಯ ಸೋಮಾರಿತನ ಎಂದುಕೊಳ್ಳಲಿಲ್ಲ. ಔಷಧಿಯನ್ನು ಹೊತ್ತೊಯ್ಯುವ ತಳಪದಾರ್ಥದಲ್ಲೇ ದೋಷವಿದೆ ಎಂದುಕೊಂಡರು. ಅದೇ ಊರಿನ ಔಷಧಿ ಅಂಗಡಿಯವರಾದ ಪೌಲ್ ಬೈಯರ್ಸ್‌ಡಾರ್ಫ್ ಜೊತೆ ಸೇರಿ, ಔಷಧಿ ಲೇಪಿಸಿದ, ಮೈಗೆ ಅಂಟಿ ನಿಲ್ಲುವ ಪಟ್ಟಿಗಳನ್ನು ರೂಪಿಸಿದರು. ಬೈಯರ್ಸ್‌ಡಾರ್ಫ್ 1882ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಕಾಲಿನ ಮಾಯದ ಹುಣ್ಣಿಗೆ ಸತುವಿನ ಆಕ್ಸೈಡ್ ಬೆರೆಸಿದ ಮೆತ್ತನೆಯ ಅಂಟನ್ನು ಬ್ಯಾಂಡೇಜಿನಂತೆ ಸುತ್ತುವ ವಿಧಾನವನ್ನೂ ಉನ್ನಾ ತಂದರು. ಇವತ್ತಿಗೂ ಆಸ್ಪತ್ರೆಗಳಲ್ಲಿ ಅದನ್ನು ಉನ್ನಾ ಬೂಟ್ ಎಂದೇ ಕರೆಯುತ್ತಾರೆ.

1890ರಲ್ಲಿ ಬೈಯರ್ಸ್‌ಡಾರ್ಫರ ಪ್ರಯೋಗಶಾಲೆಯನ್ನು ಆಸ್ಕರ್ ಟ್ರೊಪ್ಲೊವಿಟ್ಸ್ ಎಂಬ ಯುವಕ ಕೊಂಡುಕೊಂಡರು. ಉನ್ನಾ ಅವರಿಗೂ ಸಲಹೆಗಾರರಾದರು. ನೀರು ಮತ್ತು ಕೊಬ್ಬು ಎರಡನ್ನೂ ಸೇರಿಸಿ, ಬೇರ್ಪಡದಂತೆ ಹಿಡಿದಿಡುವ ವಸ್ತುವೊಂದು ಆಗ ಬೇಕಾಗಿತ್ತು.

ಅದು ಸಿಕ್ಕಿದ್ದು ಕುರಿಯ ಉಣ್ಣೆಯಲ್ಲಿ. ಕುರಿ ಕತ್ತರಿಸಿದವರಿಗೆ ಗೊತ್ತು, ಹಸಿ ಉಣ್ಣೆ ಮುಟ್ಟಿದರೆ ಕೈಗೆ ಮೇಣದಂಥ ಜಿಡ್ಡು ಹತ್ತುತ್ತದೆ. ಐಸಾಕ್ ಲಿಫ್‌ಶುಟ್ಸ್ ಎಂಬ ರಸಾಯನ ತಜ್ಞರು ಆ ಜಿಡ್ಡಿನಿಂದ ಯೂಸೆರಿಟ್ ಎಂಬ ವಸ್ತು ತೆಗೆದರು. ಅದನ್ನು ಕೊಬ್ಬಿಗೆ ಸ್ವಲ್ಪ ಬೆರೆಸಿದರೆ ಸಾಕು, ತನ್ನೊಳಗೆ ಬಹಳಷ್ಟು ನೀರನ್ನು ಹಿಡಿದುಕೊಳ್ಳುತ್ತಿತ್ತು, ಕೆಡುತ್ತಲೂ ಇರಲಿಲ್ಲ. ಇದರ ಬೆಲೆಯನ್ನು ಗುರುತಿಸಿ ಟ್ರೊಪ್ಲೊವಿಟ್ಸ್ ಗಮನಕ್ಕೆ ತಂದವರು ಉನ್ನಾ. ಮೂವರ ಆ ನಂಟಿನಿಂದ 1911ರ ಡಿಸೆಂಬರಿನಲ್ಲಿ ಹಿಮದಂತೆ ಬೆಳ್ಳಗಿನ ಒಂದು ಕ್ರೀಮು ಮಾರುಕಟ್ಟೆಗೆ ಬಂತು. ಹೆಸರು ನಿವಿಯಾ. ಲ್ಯಾಟಿನ್ ಭಾಷೆಯಲ್ಲಿ ಹಿಮದ ಬಿಳುಪು ಎಂದರ್ಥ. ಅದು ಸನ್‌ಸ್ಕ್ರೀನ್ ಆಗಿರಲಿಲ್ಲ. ಆದರೆ ಜನ ದಿನವೂ ತಾವಾಗಿಯೇ ಹಚ್ಚಿಕೊಳ್ಳುವ ಕ್ರೀಮು ಮಾಡಬಹುದು ಎಂದು ಅದು ತೋರಿಸಿತು.

ಹಾಲು ಮತ್ತು ಬೆಣ್ಣೆಯ ಲೆಕ್ಕ

ಕ್ರೀಮಿನ ಗುಟ್ಟು ನಮ್ಮ ಅಡುಗೆಮನೆಯಲ್ಲೇ ಇದೆ. ಹಾಲಿನಲ್ಲಿ ನೀರು ಹೆಚ್ಚು, ಕೊಬ್ಬು ಅದರೊಳಗೆ ಸಣ್ಣ ಹನಿಗಳಾಗಿ ತೇಲುತ್ತದೆ. ಬೆಣ್ಣೆಯಲ್ಲಿ ಇದು ತಿರುಗುಮುರುಗು. ಕೊಬ್ಬು ಹೆಚ್ಚು, ನೀರು ಅದರೊಳಗೆ ಹನಿಹನಿಯಾಗಿ ಸಿಕ್ಕಿಕೊಂಡಿರುತ್ತದೆ. ಕೈಗೆ ಹಾಲು ಹಚ್ಚಿದರೆ ಬೇಗ ಆರುತ್ತದೆ, ತೊಳೆದರೆ ಹೋಗುತ್ತದೆ. ಬೆಣ್ಣೆ ಹಚ್ಚಿದರೆ ಜಿಡ್ಡು, ಆದರೆ ನೀರಿಗೆ ಜಗ್ಗುವುದಿಲ್ಲ.

ಸನ್‌ಸ್ಕ್ರೀನುಗಳೂ ಹೀಗೆಯೇ. ಹಗುರ ಲೋಷನ್ ಸಾಮಾನ್ಯವಾಗಿ ಹಾಲಿನ ಜಾತಿ, ಗಟ್ಟಿ ಕ್ರೀಮುಗಳಲ್ಲಿ ಕೆಲವು ಬೆಣ್ಣೆಯ ಜಾತಿ. ಉನ್ನಾ ಬಳಸಿದ ಯೂಸೆರಿಟ್ ಬೆಣ್ಣೆಯ ಜಾತಿಯದು. ಹ್ಯಾಂಬರ್ಗಿನ ಚಳಿಗಾಳಿಗೆ ಅದು ಹಿತ. ರಾಯಬಾಗದ ಏಪ್ರಿಲ್ ಬಿಸಿಲಿಗೆ ಅದೇ ಹಚ್ಚಿದರೆ ಬೆವರು, ಧೂಳು ಎಲ್ಲ ಅಂಟಿ ಮುಖ ಕಿರಿಕಿರಿ. ಆದ್ದರಿಂದ ಒಂದು ಊರಿಗೆ ಹೊಂದಿದ ಕ್ರೀಮು ಇನ್ನೊಂದು ಊರಿಗೆ ಹೊಂದಲೇಬೇಕೆಂದಿಲ್ಲ.

ಕುದುರೆ ಕಾಯಿಯ ಮರದಿಂದ ಸನ್‌ಸ್ಕ್ರೀನ್

ಬಿಸಿಲು ತಡೆಯುವ ಪ್ರಯತ್ನಗಳು ಆಗಲೇ ನಡೆದಿದ್ದವು. ಸ್ವೀಡನ್ನಿನ ವಿಡ್ಮಾರ್ಕ್ 1889ರಲ್ಲಿ, ಚರ್ಮವನ್ನು ಸುಡುವುದು ಬಿಸಿಲಿನ ಬಿಸಿಯಲ್ಲ, ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಎಂದು ತೋರಿಸಿದ್ದರು. 1891ರಲ್ಲಿ ಜರ್ಮನಿಯ ಹಾಮರ್ ಕ್ವಿನೈನ್ ಬೆರೆಸಿದ ಲೇಪ ಪ್ರಯತ್ನಿಸಿದ್ದರು. ಮಲೇರಿಯಾಗೆ ಕೊಡುವ ಅದೇ ಕ್ವಿನೈನ್.

ಉನ್ನಾ ಕಣ್ಣು ಬಿದ್ದದ್ದು ಹಾರ್ಸ್ ಚೆಸ್ಟ್‌ನಟ್ ಎಂಬ ಮರದ ಮೇಲೆ. ಅದರ ಸಾರವನ್ನು ಬಿಸಿಲಿಗೆ ಹಚ್ಚುವ ರೂಢಿ ಜನರಲ್ಲಿತ್ತು. ಅದರಲ್ಲಿ ಎಸ್ಕುಲಿನ್ ಎಂಬ ವಸ್ತುವಿದೆ. ಅದು ಅತಿನೇರಳೆ ಕಿರಣವನ್ನು ಹೀರಿ, ಅಪಾಯವಿಲ್ಲದ ನೀಲಿ ಬೆಳಕಾಗಿ ಹೊರಬಿಡುತ್ತದೆ. ಬಿಳಿ ಬಟ್ಟೆಗೆ ಹಾಕುವ ಟಿನೋಪಾಲ್ ಬಿಸಿಲಿನಲ್ಲಿ ಫಳಫಳ ಎನ್ನುವುದೂ ಇದೇ ಗುಣದಿಂದ. 1911ರಲ್ಲಿ ಉನ್ನಾ ಈ ವಸ್ತುವನ್ನು ಲೇಪವಾಗಿಸಿದರು. ಝಿಯೋಝೋನ್, ಅಲ್ಟ್ರಾಝಿಯೋಝೋನ್ ಎಂಬ ಹೆಸರಿನಲ್ಲಿ ಅವು ಮಾರಾಟಕ್ಕೆ ಬಂದವು.

ಇಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಮನೆಮದ್ದನ್ನು ಉನ್ನಾ ತಳ್ಳಿಹಾಕಲಿಲ್ಲ, ಕಣ್ಣುಮುಚ್ಚಿ ನಂಬಲೂ ಇಲ್ಲ. ಅದರೊಳಗೆ ಕೆಲಸ ಮಾಡುವ ವಸ್ತು ಯಾವುದು ಎಂದು ಹುಡುಕಿದರು. ಕೊಬ್ಬರಿ ಎಣ್ಣೆ, ಅರಿಷಿಣ, ಗಂಧಕ್ಕೂ ಇದೇ ಪ್ರಶ್ನೆ ಕೇಳಬೇಕು. ಒಣ ಚರ್ಮಕ್ಕೆ ಕೊಬ್ಬರಿ ಎಣ್ಣೆ ಒಳ್ಳೆಯದೇ. ಆದರೆ ಅತಿನೇರಳೆ ಕಿರಣಗಳಲ್ಲಿ ಬಹುಪಾಲು ಅದನ್ನು ದಾಟಿ ಹೋಗುತ್ತವೆ. ಅರಿಷಿಣ, ಗಂಧದ ಲೇಪವನ್ನೂ ಬಿಸಿಲಿನ ರಕ್ಷಣೆ ಎಂದು ನೆಚ್ಚಿಕೊಳ್ಳುವಂತಿಲ್ಲ.

ಕೊನೆಯ ವರ್ಷಗಳು

1919ರಲ್ಲಿ ಹ್ಯಾಂಬರ್ಗಿನಲ್ಲಿ ವಿಶ್ವವಿದ್ಯಾಲಯ ಶುರುವಾದಾಗ ಉನ್ನಾ ಅಲ್ಲಿ ಚರ್ಮರೋಗ ಪ್ರಾಧ್ಯಾಪಕರಾದರು. ಆಗ ಅವರಿಗೆ ವಯಸ್ಸು 68. ಜಗತ್ತು ಅವರ ಪುಸ್ತಕ ಓದಿ ಕಾಲು ಶತಮಾನ ಕಳೆದ ಮೇಲೆ ಊರಿನಲ್ಲಿ ಆ ಕುರ್ಚಿ ಸಿಕ್ಕಿತು. 1929ರ ಜನವರಿ 29ರಂದು, 78ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಎಸ್ಕುಲಿನ್ ಲೇಪ ಉಳಿಯಲಿಲ್ಲ. ಅದಕ್ಕಿಂತ ಉತ್ತಮ ವಸ್ತುಗಳು ಬಂದವು. ಎಷ್ಟು ಹಚ್ಚಿದರೆ ಎಷ್ಟು ರಕ್ಷಣೆ ಎಂದು ಅಳೆಯುವ ಅಳತೆಗೋಲು ಅವರ ಬಳಿ ಇರಲಿಲ್ಲ. ಎಸ್‌ಪಿಎಫ್ ಎಂಬ ಆ ಅಳತೆ ಬಳಕೆಗೆ ಬಂದದ್ದು ಬಹಳ ತಡವಾಗಿ. ಅದನ್ನು ಪ್ರಚಾರಕ್ಕೆ ತಂದವರಲ್ಲಿ ಮುಖ್ಯರು ಆಸ್ಟ್ರಿಯಾದ ಫ್ರಾಂಝ್ ಗ್ರೈಟರ್. 1938ರಲ್ಲಿ ಪಿಜ್ ಬುಯಿನ್ ಎಂಬ ಹಿಮದ ಬೆಟ್ಟ ಹತ್ತುವಾಗ ಬಿಸಿಲಿಗೆ ಚರ್ಮ ಸುಟ್ಟುಕೊಂಡು, ಆಮೇಲೆ ಅದಕ್ಕೇ ಕ್ರೀಮು ಮಾಡಿದವರು ಅವರು.

50 ಎಂದರೆ 25ರ ಎರಡು ಪಟ್ಟೇ?

ಅಲ್ಲ. ಸರಿಯಾದ ಪ್ರಮಾಣದಲ್ಲಿ ಹಚ್ಚಿದಾಗ ಎಸ್‌ಪಿಎಫ್ 15 ಚರ್ಮ ಸುಡುವ ಕಿರಣಗಳಲ್ಲಿ ಶೇ 93ರಷ್ಟನ್ನು ತಡೆಯುತ್ತದೆ, 30 ಶೇ 97ರಷ್ಟನ್ನು, 50 ಶೇ 98ರಷ್ಟನ್ನು. ಅಂತರ ಇದೆ, ಎರಡು ಪಟ್ಟಿಲ್ಲ.

ಈ ಅಂಕಿಗಳ ಹಿಂದೆ ಒಂದು ಷರತ್ತಿದೆ. ಪ್ರಯೋಗಶಾಲೆಯಲ್ಲಿ ಒಂದು ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಹಚ್ಚಿ ಅಳೆಯುತ್ತಾರೆ. ಮುಖ ಮತ್ತು ಕತ್ತಿಗೆ ಇದು ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಿದಷ್ಟು. ಸಾಮಾನ್ಯವಾಗಿ ಜನ ಅದರ ಅರ್ಧವನ್ನೂ ಹಚ್ಚುವುದಿಲ್ಲ. ಯಾಕೆ? ಜಿಡ್ಡು. ಬಿಳಿ ಪದರ. ಬೆವರಿಗೆ ಕರಗಿ ಕಣ್ಣಿಗಿಳಿದರೆ ಉರಿ. ಬೆಲೆಯೂ ಹೌದು.

ಇದೇ ಸನ್‌ಸ್ಕ್ರೀನ್ ಮಾಡುವವರ ದೊಡ್ಡ ಇಕ್ಕಟ್ಟು. ಕಿರಣ ಹೀರುವ ಅನೇಕ ವಸ್ತುಗಳು ಎಣ್ಣೆಯಲ್ಲಿ ಕರಗುವಂಥವು. ನಂಬರ್ ಏರಿಸಲು ಅವನ್ನು ಹೆಚ್ಚಿಸಿದರೆ ಜಿಡ್ಡೂ ಹೆಚ್ಚುತ್ತದೆ. ಸತುವಿನ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಪುಡಿ ಬಳಸಿದರೆ ಉರಿ ಕಡಿಮೆ, ಆದರೆ ಗೋಧಿ ಬಣ್ಣದ, ಕಪ್ಪು ಬಣ್ಣದ ಮುಖದ ಮೇಲೆ ಬೂದಿ ಬಳಿದಂತೆ ಕಾಣುತ್ತದೆ. ಪುಡಿಯನ್ನು ಬಹಳ ಸಣ್ಣಗೆ ಮಾಡಿದರೆ ಆ ಬಿಳುಪು ತಗ್ಗುತ್ತದೆ. ಕಬ್ಬಿಣದ ಆಕ್ಸೈಡಿನ ಕಂದು ಬಣ್ಣ ಬೆರೆಸಿದರೆ ಮುಖದ ಬಣ್ಣಕ್ಕೆ ಹೊಂದುತ್ತದೆ. ಬಂಗು ಇರುವವರಿಗೆ ಇಂಥ ಬಣ್ಣದ ಸನ್‌ಸ್ಕ್ರೀನಿನಿಂದ ಇನ್ನೊಂದು ಲಾಭವಿದೆ. ಬಂಗನ್ನು ಹೆಚ್ಚಿಸುವ ಕಣ್ಣಿಗೆ ಕಾಣುವ ಬೆಳಕನ್ನೂ ಅದು ಒಂದಿಷ್ಟು ತಡೆಯುತ್ತದೆ.

ಹೀಗಾಗಿ ತೆಳುವಾಗಿ ಸವರಿದ 50ಕ್ಕಿಂತ ಸರಿಯಾಗಿ ಹಚ್ಚಿದ 30 ಮೇಲು. ಉನ್ನಾ ಮುಲಾಮಿನ ವಿಷಯದಲ್ಲಿ ಕಂಡುಕೊಂಡದ್ದೂ ಇದೇ. ಹಚ್ಚಿಕೊಂಡವರು ನಾಳೆಯೂ ಹಚ್ಚಿಕೊಳ್ಳದಿದ್ದರೆ ಡಬ್ಬಿಯ ಮೇಲಿನ ನಂಬರಿಗೆ ಬೆಲೆಯಿಲ್ಲ.

ನಾವು ಏನು ಮಾಡಬೇಕು?

ಮೊದಲ ರಕ್ಷಣೆ ಬಟ್ಟೆ ಮತ್ತು ನೆರಳು. ನಾವಿಕರ ಅಂಗಿಯೊಳಗಿನ ಚರ್ಮ ಹೇಳಿದ್ದೂ ಅದನ್ನೇ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟಾವೆಲ್ ಸುತ್ತಿ ಹೊಲಕ್ಕಿಳಿಯುವ ನಮ್ಮ ಹೆಣ್ಣುಮಕ್ಕಳು ಅರ್ಧ ಕೆಲಸವನ್ನು ಆಗಲೇ ಮಾಡಿದ್ದಾರೆ. ಒತ್ತಾದ ನೇಯ್ಗೆಯ ಬಟ್ಟೆ ಬೆವರಿಗೆ ಕರಗುವುದಿಲ್ಲ, ಮತ್ತೆ ಮತ್ತೆ ಕೊಳ್ಳಬೇಕಿಲ್ಲ. ಬಟ್ಟೆ ಮುಚ್ಚದ ಮುಖ, ಕಿವಿ, ಕತ್ತು, ಕೈಯ ಹಿಂಭಾಗಕ್ಕೆ ಸನ್‌ಸ್ಕ್ರೀನ್.

ಗಡಿಯಾರ ಬೇಡ, ನೆರಳು ನೋಡಿ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಅತಿನೇರಳೆ ಕಿರಣ ಜೋರಾಗಿದೆ ಎಂದರ್ಥ. ತೆಳು ಮೋಡವಿದ್ದರೂ ಅದು ಬರುತ್ತದೆ.

ಸನ್‌ಸ್ಕ್ರೀನ್ ಕೊಳ್ಳುವಾಗ ಎಸ್‌ಪಿಎಫ್ 30 ಅಥವಾ ಹೆಚ್ಚು ಇರಲಿ. ಜೊತೆಗೆ ಪಿಎ ಎಂಬ ಅಕ್ಷರಗಳ ಮುಂದೆ ಮೂರು ಪ್ಲಸ್ ಗುರುತಾದರೂ ಇದೆಯೇ ನೋಡಿ. ಚರ್ಮದ ಆಳಕ್ಕೆ ಇಳಿಯುವ ಕಿರಣಗಳ ತಡೆ ಅದರಿಂದ ತಿಳಿಯುತ್ತದೆ. ಬೆವರುವವರಿಗೆ, ಮೊಡವೆ ಇರುವವರಿಗೆ ಹಗುರ ಲೋಷನ್ ಅಥವಾ ಜೆಲ್ ಹಿತ, ಒಣ ಚರ್ಮದವರಿಗೆ ಕ್ರೀಮು. ಹೊರಗೆ ಹೋಗುವ 15ರಿಂದ 20 ನಿಮಿಷ ಮೊದಲು ಹಚ್ಚಿ. ಬಿಸಿಲಿನಲ್ಲೇ ಇದ್ದರೆ 2 ಗಂಟೆಗೊಮ್ಮೆ, ಬೆವರು ಒರೆಸಿಕೊಂಡ ಮೇಲೆ ಮತ್ತೊಮ್ಮೆ. 6 ತಿಂಗಳೊಳಗಿನ ಕೂಸಿಗೆ ಸನ್‌ಸ್ಕ್ರೀನ್ ಬೇಡ, ನೆರಳು ಮತ್ತು ಹತ್ತಿಯ ಬಟ್ಟೆ ಸಾಕು.

ಬಿಸಿಲು ತಗಲುವ ಕಡೆ ಒಂದು ತಿಂಗಳಾದರೂ ಮಾಯದ ಹುಣ್ಣು, ರಕ್ತ ಒಸರುವ ಗಂಟು, ಬಣ್ಣ ಅಥವಾ ಆಕಾರ ಬದಲಾಗುತ್ತಿರುವ ಮಚ್ಚೆ ಇದ್ದರೆ ಮನೆಮದ್ದು ಮಾಡುತ್ತ ಕೂರಬೇಡಿ. ತಾಲ್ಲೂಕು ಆಸ್ಪತ್ರೆಗೆ ಹೋಗಿ ತೋರಿಸಿ. ತೊನ್ನು ಇರುವವರು, ಹುಟ್ಟಿನಿಂದ ಬಣ್ಣವಿಲ್ಲದವರು ಇದನ್ನು ಇನ್ನೂ ಬೇಗ ಮಾಡಬೇಕು.

ಒಟ್ಟಿನಲ್ಲಿ, ಸನ್‌ಸ್ಕ್ರೀನ್ ಬಿಳಿಯರಿಗೆ ಮಾತ್ರ ಎಂಬ ಸಂದೇಶ ತಪ್ಪು. ಎಲ್ಲರಿಗೂ ಒಂದೇ ಅಳತೆಯಲ್ಲಿ ಬೇಕು ಎಂಬುದೂ ತಪ್ಪು. ಯಾರ ಚರ್ಮ, ಎಷ್ಟು ಹೊತ್ತಿನ ಬಿಸಿಲು, ಎಂಥ ಕೆಲಸ ಎಂಬುದನ್ನು ನೋಡಿ ತೀರ್ಮಾನಿಸಬೇಕು. ಮುಂದಿನ ಸಲ ಅಂಥ ಫಾರ್ವರ್ಡ್ ಬಂದರೆ ಅದನ್ನು ಅಲ್ಲೇ ನಿಲ್ಲಿಸಿ, ಇದನ್ನು ಕಳಿಸಿ.